ಮರೆವಿನ ರೋಗ: ರೋಗಿಗೂ ಆಸರೆ, ಆರೈಕೆ ಮಾಡುವವರಿಗೂ ಆಸರೆ

‘ಅರವತ್ತಕ್ಕೆ ಅರುಳು ಮರುಳು’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಮನೆಯ ಹಿರಿಯರು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕಾಡಿದಾಗ ಈ ಮಾತನ್ನು ಆಡಿ ನಗುತ್ತೇವೆ. ಆ ನಗೆಯಲ್ಲಿ ಕೆಟ್ಟತನವಿಲ್ಲ. ಆದರೆ ಈ ಗಾದೆಯಿಂದ ಒಂದು ಹಾನಿಯೂ ಆಗಿದೆ. ವಯಸ್ಸಾದ ಮೇಲೆ ಬುದ್ಧಿ ಕೆಡುವುದು ಸಹಜ, ಅದಕ್ಕೆ ಉಪಾಯವಿಲ್ಲ, ಅದಕ್ಕಾಗಿ ಯಾರನ್ನೂ ಕೇಳಬೇಕಾಗಿಲ್ಲ ಎಂಬ ತಿಳುವಳಿಕೆ ನಮ್ಮಲ್ಲಿ ಬೇರೂರಿದೆ. ಇದರಿಂದಾಗಿ ಎಷ್ಟೋ ಮನೆಗಳಲ್ಲಿ ಒಬ್ಬ ರೋಗಿಯೂ, ಆ ರೋಗಿಯನ್ನು ಹಗಲಿರುಳು ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳೂ ಯಾರಿಗೂ ಹೇಳಿಕೊಳ್ಳದೆ ಕಷ್ಟಪಡುತ್ತಿದ್ದಾರೆ. ಈ ಇಬ್ಬರಿಗೂ ಯಾವ ಯಾವ ಬಗೆಯ ಸಹಾಯ ಬೇಕು, ಅದು ಎಲ್ಲಿ ದೊರೆಯುತ್ತದೆ, ಅದರಲ್ಲಿ ನಮ್ಮ ಪಾಲು ಎಷ್ಟು ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ರೋಗದ ಪರಿಚಯ

ಈ ರೋಗಕ್ಕೆ ವೈದ್ಯರು ‘ಡಿಮೆನ್ಷಿಯಾ’ ಎನ್ನುತ್ತಾರೆ. ಮರಾಠಿಯಲ್ಲಿ ‘ಸ್ಮೃತಿಭ್ರಂಶ’ ಎನ್ನುವರು. ನಾವು ಇಲ್ಲಿ ‘ಮರೆವಿನ ರೋಗ’ ಎಂದು ಕರೆಯೋಣ. ಹೆಸರಿನಲ್ಲಿ ಮರೆವು ಇದ್ದರೂ ಕೆಡುವುದು ನೆನಪು ಮಾತ್ರವಲ್ಲ. ವಿಚಾರ ಮಾಡುವ ಶಕ್ತಿ, ಮಾತು, ದಾರಿಯ ಗುರುತು, ಹಣದ ಲೆಕ್ಕ, ಸ್ವಭಾವ ಇವೆಲ್ಲವೂ ಮೆಲ್ಲಮೆಲ್ಲನೆ ಕುಗ್ಗುತ್ತವೆ. ಕೊನೆಗೆ ಉಣ್ಣುವುದು, ಉಡುವುದು, ಶೌಚಕ್ಕೆ ಹೋಗುವುದು ಇವಕ್ಕೂ ಇನ್ನೊಬ್ಬರ ನೆರವು ಬೇಕಾಗುತ್ತದೆ.

ಈ ರೋಗದಲ್ಲಿ ಹಲವು ಬಗೆಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವುದು ‘ಆಲ್ಝೈಮರ್’ ರೋಗ. ಮೆದುಳಿನ ರಕ್ತನಾಳಗಳು ಕಟ್ಟಿಕೊಂಡು ಅಥವಾ ಒಡೆದು ಬರುವ ಬಗೆಯೂ ಇದೆ. ರಕ್ತದೊತ್ತಡ ಮತ್ತು ಸಕ್ಕರೆ ರೋಗ ಹೆಚ್ಚಾಗಿರುವ ನಮ್ಮ ದೇಶದಲ್ಲಿ ಇದು ಕಡಿಮೆಯೇನಲ್ಲ.

ಆಲ್ಝೈಮರ್ ಎಂಬುದು ಒಬ್ಬ ಜರ್ಮನ್ ವೈದ್ಯರ ಹೆಸರು. ೧೯೦೧ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗುಸ್ಟ ಎಂಬ ಹೆಣ್ಣುಮಗಳನ್ನು ಕರೆತಂದರು. ಆಕೆಯ ಗಂಡ ರೈಲ್ವೆಯಲ್ಲಿ ಗುಮಾಸ್ತ. ಆಕೆಗೆ ಆಗ ೫೧ ವರ್ಷ ಮಾತ್ರ. ಡಾ. ಆಲೋಯಿಸ್ ಆಲ್ಝೈಮರ್ ಅವರು ಆಕೆಯ ಹೆಸರು, ಗಂಡನ ಹೆಸರು, ಊಟದಲ್ಲಿ ಏನಿದೆ ಎಂದು ಮುಂತಾಗಿ ಸರಳ ಪ್ರಶ್ನೆಗಳನ್ನು ಕೇಳಿ, ಬಂದ ಉತ್ತರಗಳನ್ನೆಲ್ಲ ಬರೆದಿಟ್ಟರು. ತನ್ನನ್ನು ತಾನೇ ಕಳೆದುಕೊಂಡಿದ್ದೇನೆ ಎಂಬ ಅರ್ಥದ ಮಾತನ್ನು ಆಕೆ ಆಡಿದಳೆಂದು ಆ ದಾಖಲೆಗಳಿಂದ ತಿಳಿಯುತ್ತದೆ. ೧೯೦೬ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡ ಮೇಲೆ ಡಾಕ್ಟರರು ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಮೆದುಳಿನ ಕಣಗಳ ಹೊರಗೆ ಗಡ್ಡೆಯಂಥ ಕಲೆಗಳೂ, ಒಳಗೆ ಸಿಕ್ಕುಬಿದ್ದ ದಾರದಂಥ ಎಳೆಗಳೂ ಕಂಡವು. ಅದೇ ವರ್ಷ ನವೆಂಬರ್ ೩ರಂದು ವೈದ್ಯರ ಸಭೆಯೊಂದರಲ್ಲಿ ಅವರು ಇದನ್ನು ವಿವರಿಸಿದರು. ೧೯೧೦ರಲ್ಲಿ ಈ ರೋಗಕ್ಕೆ ಅವರದೇ ಹೆಸರು ಬಂದಿತು.

ಈ ಕಥೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಇದು ಮೆದುಳಿನ ರೋಗ. ಕರ್ಮದ ಫಲವೂ ಅಲ್ಲ, ದೆವ್ವದ ಕಾಟವೂ ಅಲ್ಲ, ಮುದುಕರ ಹಟವೂ ಅಲ್ಲ. ಎರಡನೆಯದು, ವಯಸ್ಸಾದಂತೆ ಇದರ ಸಂಭವ ಹೆಚ್ಚಾದರೂ ವಯಸ್ಸಾಗುವುದೇ ರೋಗವಲ್ಲ. ಐವತ್ತರಲ್ಲಿಯೂ ಕೆಲವರಿಗೆ ಬರುತ್ತದೆ. ತೊಂಬತ್ತು ದಾಟಿದರೂ ಹಲವರಿಗೆ ಬರುವುದಿಲ್ಲ.

ಎಷ್ಟು ಜನರಿಗೆ ಈ ರೋಗವಿದೆ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೨೦೨೧ರಲ್ಲಿ ಜಗತ್ತಿನಲ್ಲಿ ೫ ಕೋಟಿ ೭೦ ಲಕ್ಷ ಜನರಿಗೆ ಈ ರೋಗವಿತ್ತು. ನಮ್ಮ ದೇಶದಲ್ಲಿ ‘ಲಾಸಿ-ಡ್ಯಾಡ್’ ಎಂಬ ದೊಡ್ಡ ಸಮೀಕ್ಷೆ ನಡೆದು, ಅದರ ಫಲಿತಾಂಶ ೨೦೨೩ರಲ್ಲಿ ಪ್ರಕಟವಾಯಿತು. ಅದರಂತೆ ೬೦ ವರ್ಷ ದಾಟಿದ ಭಾರತೀಯರಲ್ಲಿ ನೂರಕ್ಕೆ ೭.೪ ಜನರಿಗೆ, ಅಂದರೆ ಸುಮಾರು ೮೮ ಲಕ್ಷ ಜನರಿಗೆ ಈ ರೋಗವಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚು ಎಂದು ಆ ಸಮೀಕ್ಷೆ ತೋರಿಸಿತು.

ಇದನ್ನು ನಮ್ಮ ಊರಿನ ಲೆಕ್ಕಕ್ಕೆ ಇಳಿಸಿ ನೋಡೋಣ. ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯಲ್ಲಿ ಅರವತ್ತು ದಾಟಿದವರು ಇನ್ನೂರು ಮಂದಿ ಇದ್ದಾರೆಂದು ಭಾವಿಸಿರಿ. ದೇಶದ ಸರಾಸರಿಯಂತೆ ಅವರಲ್ಲಿ ಸುಮಾರು ೧೫ ಮಂದಿಗೆ ಈ ರೋಗವಿರಬಹುದು. ಆದರೆ ಆ ಹಳ್ಳಿಯಲ್ಲಿ ವಿಚಾರಿಸಿದರೆ ‘ನಮ್ಮಲ್ಲಿ ಅಂಥವರು ಯಾರೂ ಇಲ್ಲ’ ಎಂಬ ಉತ್ತರವೇ ಬಂದೀತು. ರೋಗಿಗಳು ಇಲ್ಲವೆಂದಲ್ಲ, ಅವರನ್ನು ನಾವು ರೋಗಿಗಳೆಂದು ಗುರುತಿಸಿಲ್ಲ.

ಸಾಮಾನ್ಯ ಮರೆವೂ ರೋಗದ ಮರೆವೂ

ಸಂತೆಗೆ ಹೋಗಿ ಒಂದು ಸಾಮಾನು ತರಲು ಮರೆಯುವುದು ಸಾಮಾನ್ಯ ಮರೆವು. ಸಂತೆಯಿಂದ ಮನೆಗೆ ಬರುವ ದಾರಿಯನ್ನೇ ಮರೆಯುವುದು ರೋಗದ ಗುರುತು. ನೆಂಟರ ಹೆಸರು ತಟ್ಟನೆ ನೆನಪಾಗದೆ ಆಮೇಲೆ ನೆನಪಾದರೆ ಚಿಂತೆಯಿಲ್ಲ. ಮಗನನ್ನು ನೋಡಿ ‘ನೀವು ಯಾರು?’ ಎಂದು ಕೇಳಿದರೆ ಎಚ್ಚರಗೊಳ್ಳಬೇಕು. ಐವತ್ತು ವರ್ಷ ರೊಟ್ಟಿ ಬಡಿದ ಆಯಿ ಹಿಟ್ಟಿಗೆ ನೀರು ಹಾಕುವ ಕ್ರಮವನ್ನು ಮರೆತರೆ, ಲೆಕ್ಕದಲ್ಲಿ ಜಾಣನಾಗಿದ್ದ ಮುತ್ಯಾ ಚಿಲ್ಲರೆ ಎಣಿಸಲಾರದಾದರೆ, ಉಂಡು ಹತ್ತು ನಿಮಿಷವಾಗುವುದರೊಳಗೆ ‘ನನಗೆ ಯಾರೂ ಉಣ್ಣಲಿಕ್ಕೆ ಕೊಟ್ಟಿಲ್ಲ’ ಎಂದು ನೆರೆಮನೆಯಲ್ಲಿ ಹೇಳಿದರೆ, ತಾವೇ ಎಲ್ಲಿಯೋ ಇಟ್ಟ ಹಣವನ್ನು ಸೊಸೆ ಕದ್ದಳೆಂದು ದೂರಿದರೆ, ಅದನ್ನು ಹಟವೆಂದೋ ಸುಳ್ಳೆಂದೋ ತಿಳಿಯದೆ ವೈದ್ಯರಲ್ಲಿಗೆ ಹೋಗಬೇಕು.

ವೈದ್ಯರಲ್ಲಿಗೆ ಹೋಗಬೇಕಾದುದಕ್ಕೆ ಇನ್ನೊಂದು ಮುಖ್ಯ ಕಾರಣವಿದೆ. ಮರೆವಿನ ರೋಗದಂತೆಯೇ ಕಾಣುವ ಕೆಲವು ತೊಂದರೆಗಳನ್ನು ಚಿಕಿತ್ಸೆಯಿಂದ ಸರಿಪಡಿಸಬಹುದು. ಬಿ-೧೨ ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ದೋಷ, ಮನಸ್ಸಿನ ಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ಹೆಪ್ಪುಗಟ್ಟುವುದು, ಕೆಲವು ಔಷಧಿಗಳ ದುಷ್ಪರಿಣಾಮ ಇವು ಆ ಬಗೆಯವು. ಬಿ-೧೨ ಹೆಚ್ಚಾಗಿ ಹಾಲು, ಮೊಟ್ಟೆ, ಮಾಂಸಗಳಿಂದ ದೊರೆಯುವುದರಿಂದ ಹಾಲು ಮೊಸರನ್ನೂ ಕಡಿಮೆ ಸೇವಿಸುವ ಸಸ್ಯಾಹಾರಿ ವೃದ್ಧರಲ್ಲಿ ಅದರ ಕೊರತೆ ಕಾಣಿಸಬಹುದು. ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ‘ಅರುಳು ಮರುಳು’ ಎಂದು ಸುಮ್ಮನೆ ಕುಳಿತರೆ ಗುಣವಾಗಬಹುದಾದ ರೋಗವೂ ಗುಣವಾಗದೆ ಉಳಿಯುತ್ತದೆ.

ಆಲ್ಝೈಮರ್ ರೋಗವನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಕೆಲವು ಔಷಧಿಗಳಿಂದ ಕೆಲಕಾಲ ತುಸು ಅನುಕೂಲವಾಗುತ್ತದೆ. ಹೀಗಿರುವಾಗ ರೋಗಿಯ ಬಾಳು ಹಸನಾಗುವುದು ಬಹುಮಟ್ಟಿಗೆ ಆರೈಕೆಯಿಂದಲೇ. ಆ ಆರೈಕೆಯ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಈಗ ನೋಡೋಣ.

ಆರೈಕೆ ಮಾಡುವವರ ಪಾಡು

ಸೊಲ್ಲಾಪುರದ ಒಂದು ಓಣಿಯ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಮಗ ಪವರ್‌ಲೂಮ್ ಕಾರಖಾನೆಗೆ ಹೋಗುತ್ತಾನೆ. ಮಕ್ಕಳು ಶಾಲೆಗೆ ಹೋಗುತ್ತಾರೆ. ಸೊಸೆ ಮನೆಯಲ್ಲಿ ಕುಳಿತು ಬೀಡಿ ಕಟ್ಟುತ್ತಾಳೆ. ಮರೆವಿನ ರೋಗವಿರುವ ಅತ್ತೆ ಅದೇ ಮನೆಯಲ್ಲಿದ್ದಾಳೆ. ಒಲೆಯ ಬಳಿ ಹೋಗದಂತೆ, ಬಾಗಿಲು ದಾಟಿ ಬೀದಿಗೆ ಇಳಿಯದಂತೆ ಅವಳ ಮೇಲೆ ಕಣ್ಣಿಡಬೇಕು. ಒಂದೇ ಪ್ರಶ್ನೆಗೆ ಐವತ್ತು ಸಲ ಉತ್ತರ ಹೇಳಬೇಕು. ಸಂಜೆಯಾದಂತೆ ಗಲಿಬಿಲಿ ಹೆಚ್ಚುತ್ತದೆ, ರಾತ್ರಿ ನಿದ್ದೆಯಿಲ್ಲ. ಕಟ್ಟಿದ ಬೀಡಿಯ ಲೆಕ್ಕ ಕಡಿಮೆಯಾದರೆ ಆ ದಿನದ ಕೂಲಿಯೂ ಕಡಿಮೆ. ಇಷ್ಟೆಲ್ಲ ಮಾಡಿದ ಮೇಲೆ ಅತ್ತೆಯ ಬಾಯಿಂದ ‘ಕಳ್ಳಿ’ ಎನ್ನಿಸಿಕೊಳ್ಳಬೇಕು. ಹಬ್ಬಕ್ಕೆ ಬಂದ ನೆಂಟರು ಒಂದು ಗಳಿಗೆ ಕುಳಿತು, ‘ಮುದುಕಿಯನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲ’ ಎಂದು ಹೇಳಿ ಹೋಗುತ್ತಾರೆ.

ಇದು ಒಂದು ತಿಂಗಳ ಮಾತಲ್ಲ, ವರ್ಷಗಟ್ಟಲೆ ನಡೆಯುವ ದುಡಿಮೆ. ಇಂಥ ರೋಗಿಗಳನ್ನು ನೋಡಿಕೊಳ್ಳುವ ಮನೆಯವರು ದಿನಕ್ಕೆ ಸರಾಸರಿ ಐದು ತಾಸು ಅದರಲ್ಲಿಯೇ ಕಳೆಯುತ್ತಾರೆಂದೂ, ಆ ದುಡಿಮೆಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ಹೆಂಗಸರದೇ ಎಂದೂ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಹೀಗೆ ದುಡಿಯುವವರಿಗೆ ಬೆನ್ನುನೋವು, ನಿದ್ರಾಹೀನತೆ, ಖಿನ್ನತೆ ಬರುತ್ತವೆ. ಆದುದರಿಂದ ಮರೆವಿನ ರೋಗವಿರುವ ಮನೆಯಲ್ಲಿ ರೋಗಿ ಒಬ್ಬರಲ್ಲ, ಇಬ್ಬರು ಎಂದು ತಿಳಿಯಬೇಕು. ಎರಡನೆಯವರನ್ನು ನಾವು ಮರೆಯುತ್ತೇವೆ.

ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು

೧) ವಾದ ಮಾಡಬಾರದು. ಸೊಲ್ಲಾಪುರದಲ್ಲಿ ೧೮೭೭ರಲ್ಲಿ ಮೊದಲ ಬಟ್ಟೆ ಗಿರಣಿ ಆರಂಭವಾಗಿ, ಮುಂದೆ ಊರೇ ಗಿರಣಿಯ ಭೋಂಗಾ ಕೇಳಿ ಏಳುವಂತಾಗಿತ್ತು. ಆ ಹಳೆಯ ದೊಡ್ಡ ಗಿರಣಿಗಳು ಮುಚ್ಚಿ ದಶಕಗಳೇ ಕಳೆದಿವೆ. ಗಿರಣಿಯಲ್ಲಿ ದುಡಿದ ಮುತ್ಯಾ ಒಂದು ದಿನ ‘ಭೋಂಗಾ ಆಯಿತು, ಪಾಳಿಗೆ ಹೋಗಬೇಕು’ ಎಂದು ಎದ್ದರೆ, ‘ಗಿರಣಿ ಎಲ್ಲಿದೆ? ನಿನಗೆ ತಲೆ ಕೆಟ್ಟಿದೆ’ ಎಂದು ಗದರಿಸಿ ಫಲವಿಲ್ಲ. ‘ಮುತ್ಯಾ, ನೀವು ಯಾವ ಖಾತೆಯಲ್ಲಿ ಕೆಲಸ ಮಾಡುತ್ತಿದ್ದಿರಿ? ಚಹಾ ಕುಡಿದು ಹೇಳಿರಿ’ ಎಂದರೆ ಮನಸ್ಸು ಬೇರೆ ಕಡೆಗೆ ಹೊರಳುತ್ತದೆ.

೨) ಹಳೆಯ ನೆನಪುಗಳನ್ನು ಬಳಸಿಕೊಳ್ಳಬೇಕು. ಇಂದು ಬೆಳಗಿನ ಮಾತು ಅಳಿಸಿಹೋಗಿದ್ದರೂ ಬಾಲ್ಯದ ನೆನಪು ಬಹುಕಾಲ ಉಳಿದಿರುತ್ತದೆ. ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆ, ನಂದಿಧ್ವಜಗಳ ಮೆರವಣಿಗೆ, ಬೀಸುವ ಕಲ್ಲಿನ ಹಾಡು, ಭಜನೆ ಇವನ್ನು ಎತ್ತಿದರೆ ಮಾತೇ ಆಡದವರೂ ಬಾಯಿ ಬಿಡುವುದುಂಟು.

೩) ದಿನಚರಿ ಬದಲಾಗಬಾರದು. ಏಳುವುದು, ಸ್ನಾನ, ಊಟ, ಮಲಗುವುದು ಆಯಾ ಹೊತ್ತಿಗೇ ಆಗಬೇಕು. ಒಂದು ಸಲಕ್ಕೆ ಒಂದೇ ಮಾತು, ಒಂದೇ ಕೆಲಸ ಹೇಳಬೇಕು.

೪) ಕೈಲಾದ ಕೆಲಸ ಕೊಡಬೇಕು. ಶೇಂಗಾ ಸುಲಿಯುವುದು, ಸೊಪ್ಪು ಸೋಸುವುದು, ಬಟ್ಟೆ ಮಡಿಚುವುದು ಇವುಗಳಿಂದ ತಾನೂ ಬೇಕಾದವಳು ಎಂಬ ಭಾವನೆ ಬರುತ್ತದೆ. ಮಡಿಕೆ ಓರೆಯಾದರೆ ಹಾನಿಯೇನೂ ಇಲ್ಲ.

೫) ಅಪಾಯವನ್ನು ದೂರ ಇಡಬೇಕು. ಗ್ಯಾಸಿನ ಸಿಲಿಂಡರಿನ ಗುಂಡಿಯನ್ನು ರಾತ್ರಿ ಬಂದ್ ಮಾಡಬೇಕು. ಬಚ್ಚಲಿನಲ್ಲಿ ಜಾರದಂತೆ ನೋಡಿಕೊಳ್ಳಬೇಕು. ಔಷಧಿಯನ್ನು ಮನೆಯವರೇ ಎತ್ತಿಡಬೇಕು. ಮನೆಯವರ ದೂರವಾಣಿ ಸಂಖ್ಯೆ ಬರೆದ ಚೀಟಿಯನ್ನು ಅಂಗಿಯ ಕಿಸೆಯಲ್ಲಿಯೋ ಸೀರೆಯ ಸೆರಗಿನ ಒಳಬದಿಯಲ್ಲಿಯೋ ಹೊಲಿದಿರಬೇಕು.

೬) ಆರೈಕೆಗೆ ಪಾಳಿ ಹಚ್ಚಬೇಕು. ಗಿರಣಿಯ ಯಂತ್ರವನ್ನೇ ಒಬ್ಬನು ಮೂರು ಪಾಳಿ ನಡೆಸಲಾರನು. ಮನುಷ್ಯರ ಆರೈಕೆಯನ್ನು ಒಬ್ಬಳೇ ಇಪ್ಪತ್ತನಾಲ್ಕು ತಾಸು ಹೇಗೆ ಮಾಡಿಯಾಳು? ಗಂಡಸರೂ ಮಕ್ಕಳೂ ತಮ್ಮ ತಮ್ಮ ಹೊತ್ತನ್ನು ಗೊತ್ತುಪಡಿಸಿಕೊಳ್ಳಬೇಕು. ದೂರದ ಊರಿನಲ್ಲಿರುವ ಮಕ್ಕಳು ವರ್ಷಕ್ಕೆ ಕೆಲವು ವಾರ ಬಂದು ನಿಂತು ನೋಡಿಕೊಳ್ಳುವ ಸೊಸೆಗೆ ಬಿಡುವು ಕೊಡಬೇಕು.

ನಮ್ಮ ಭಾಗದ ವಿಶೇಷ ತೊಡಕು: ಭಾಷೆ

ಸೊಲ್ಲಾಪುರ ಬಹುಭಾಷೆಗಳ ಊರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಮಗ್ಗದ ಕೆಲಸದಲ್ಲಿ ತೆಲುಗು, ಪೇಟೆಯಲ್ಲಿ ಹಿಂದಿ, ಉರ್ದು. ಅಕ್ಕಲಕೋಟ, ಮೈಂದರ್ಗಿ, ದುಧನಿ ಕಡೆಯ ನಮ್ಮ ಹಿರಿಯರು ಜೀವನವೆಲ್ಲ ಎರಡು ಮೂರು ಭಾಷೆಗಳಲ್ಲಿ ವ್ಯವಹರಿಸಿದವರು. ಮರೆವಿನ ರೋಗ ಬಂದಾಗ ಆಮೇಲೆ ಕಲಿತ ಭಾಷೆ ಮೊದಲು ಕೈಬಿಟ್ಟು, ತಾಯಿಯಿಂದ ಕಲಿತ ಭಾಷೆ ಕೊನೆಯವರೆಗೆ ಉಳಿಯುವುದು ಹಲವರಲ್ಲಿ ಕಂಡುಬರುತ್ತದೆ. ನಿನ್ನೆಯವರೆಗೆ ಮರಾಠಿಯಲ್ಲಿ ಸೊಗಸಾಗಿ ಮಾತನಾಡುತ್ತಿದ್ದ ಆಯಿ ಆಸ್ಪತ್ರೆಯಲ್ಲಿ ಮರಾಠಿ ಪ್ರಶ್ನೆಗೆ ಬರೀ ಮುಖ ನೋಡುತ್ತಾಳೆ. ಇದರಿಂದ ರೋಗ ಇರುವುದಕ್ಕಿಂತ ಹೆಚ್ಚಾಗಿದೆ ಎಂದು ವೈದ್ಯರಿಗೆ ತೋರಬಹುದು. ‘ಇಂದು ತಾರೀಖು ಎಷ್ಟು?’ ಎಂದು ಕೇಳಿದರೆ ಓದು ಬಾರದ ಆಯಿಗೆ ಎಂದೂ ಗೊತ್ತಿರಲಿಲ್ಲ. ‘ಈಗ ಯಾವ ಮಾಸ? ಅಮಾವಾಸ್ಯೆ ಆಯಿತೇ?’ ಎಂದು ಕನ್ನಡದಲ್ಲಿ ಕೇಳಿದರೆ ಸರಿಯಾದ ಉತ್ತರ ಬರಬಹುದು.

ಈ ತೊಡಕನ್ನು ವಿಜ್ಞಾನಿಗಳೂ ಅರಿತಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹಿಂದಿ, ಬಂಗಾಲಿ, ತೆಲುಗು, ಕನ್ನಡ, ಮಲಯಾಳಂ ಈ ಐದು ಭಾಷೆಗಳಲ್ಲಿ ಬುದ್ಧಿಶಕ್ತಿಯ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ನಮ್ಮ ಭಾಗದ ಮನೆಯವರು ಒಂದು ಕೆಲಸ ಮಾಡಬಹುದು. ಆಸ್ಪತ್ರೆಗೆ ಹೋಗುವಾಗ ಎರಡೂ ಭಾಷೆ ಬಲ್ಲ ಒಬ್ಬರು ಜೊತೆಗಿರಬೇಕು. ರೋಗಿಯ ಮನೆಮಾತು ಕನ್ನಡವೆಂದು ವೈದ್ಯರಿಗೆ ಮೊದಲೇ ತಿಳಿಸಬೇಕು. ಶಾಲೆಯಲ್ಲಿ ಕನ್ನಡ, ಮರಾಠಿ ಎರಡನ್ನೂ ಕಲಿಯುವ ನಮ್ಮ ವಿದ್ಯಾರ್ಥಿಗಳು ಈ ಕೆಲಸಕ್ಕೆ ತಕ್ಕವರು. ಆದರೆ ಉತ್ತರವನ್ನು ತಾವೇ ಹೇಳಿಕೊಡದೆ, ಆಯಿ ಆಡಿದ್ದನ್ನಷ್ಟೇ ವೈದ್ಯರಿಗೆ ತಿಳಿಸಬೇಕು.

ಭಾಷೆಯ ವಿಷಯದಲ್ಲಿ ಸಂತೋಷದ ಸಂಗತಿಯೂ ಒಂದಿದೆ. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ಸಹೋದ್ಯೋಗಿಗಳು ೬೪೮ ರೋಗಿಗಳನ್ನು ಅಭ್ಯಾಸ ಮಾಡಿ ೨೦೧೩ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲಿಯೂ ಈ ವ್ಯತ್ಯಾಸ ಕಂಡುಬಂದಿತು. ಗಡಿನಾಡಿನಲ್ಲಿ ಎರಡು ಭಾಷೆ ಕಲಿಯುವುದು ಹೊರೆಯೆಂದು ಗೊಣಗುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಸಹಾಯ ಎಲ್ಲಿ ದೊರೆಯುತ್ತದೆ?

ಅ) ಆಸ್ಪತ್ರೆ: ಸೊಲ್ಲಾಪುರದಲ್ಲಿ ಡಾ. ವೈಶಂಪಾಯನ ಸ್ಮಾರಕ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯ ೧೯೬೩ರಿಂದ ನಡೆಯುತ್ತಿದೆ. ಅದಕ್ಕೆ ಹೊಂದಿಕೊಂಡ ದೊಡ್ಡ ಸರ್ಕಾರಿ ಆಸ್ಪತ್ರೆಯನ್ನು ಜನರು ‘ಸಿವ್ಹಿಲ್’ ಎಂದೇ ಕರೆಯುತ್ತಾರೆ. ಮೊದಲ ಪರೀಕ್ಷೆಗೆ ಅಲ್ಲಿಗೆ ಹೋಗಬಹುದು. ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಸುಮಾರು ನಲವತ್ತು ಕಿಲೋಮೀಟರು. ಮಹಾರಾಷ್ಟ್ರದ ಎಸ್.ಟಿ. ಬಸ್ಸುಗಳಲ್ಲಿ ೭೫ ವರ್ಷ ದಾಟಿದವರಿಗೆ ಉಚಿತ ಪ್ರವಾಸದ ಸೌಲಭ್ಯ ೨೦೨೨ರ ಆಗಸ್ಟಿನಲ್ಲಿ ಆರಂಭವಾಯಿತು.

ಆ) ದೂರವಾಣಿ: ೨೦೨೨ರ ಅಕ್ಟೋಬರ್ ೧೦ರಂದು ಕೇಂದ್ರ ಸರ್ಕಾರ ‘ಟೆಲಿ-ಮಾನಸ್’ ಎಂಬ ಸೇವೆಯನ್ನು ಆರಂಭಿಸಿತು. ಸಂಖ್ಯೆ ೧೪೪೧೬ (ಒಂದು, ನಾಲ್ಕು, ನಾಲ್ಕು, ಒಂದು, ಆರು). ಹಗಲಿರುಳು ಉಚಿತವಾಗಿ ಮಾತನಾಡಬಹುದು. ಇದರ ಭಾಷೆಗಳಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ರೋಗಿಯ ಬಗ್ಗೆ ಮಾತ್ರವಲ್ಲ, ನೋಡಿಕೊಂಡು ದಣಿದ ಸೊಸೆ ತನ್ನ ದುಃಖ ಹೇಳಿಕೊಳ್ಳಲಿಕ್ಕೂ ಇದನ್ನು ಬಳಸಬಹುದು. ಹಿರಿಯ ನಾಗರಿಕರಿಗಾಗಿಯೇ ಇರುವ ‘ಎಲ್ಡರ್‌ಲೈನ್’ ಸಂಖ್ಯೆ ೧೪೫೬೭ (ಒಂದು, ನಾಲ್ಕು, ಐದು, ಆರು, ಏಳು). ಇದು ೨೦೨೧ರಲ್ಲಿ ದೇಶಾದ್ಯಂತ ಆರಂಭವಾಯಿತು. ಮಾಹಿತಿ, ಸಲಹೆ, ಅನಾಥ ವೃದ್ಧರ ರಕ್ಷಣೆ ಇದರ ಕೆಲಸ. ಯಾರಾದರೂ ಕಾಣೆಯಾದರೆ ತಡಮಾಡದೆ ೧೧೨ಕ್ಕೆ ಕರೆಮಾಡಿ ಪೊಲೀಸರಿಗೆ ತಿಳಿಸಬೇಕು.

ಇ) ಕಾನೂನು ಮತ್ತು ಯೋಜನೆ: ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆ ೨೦೦೭ರಲ್ಲಿ ಬಂದಿತು. ಹಿರಿಯರನ್ನು ನೋಡಿಕೊಳ್ಳಬೇಕಾದವರು ಅವರನ್ನು ಎಲ್ಲಿಯೋ ಬಿಟ್ಟು ಬಂದರೆ ಈ ಕಾಯಿದೆಯಂತೆ ಶಿಕ್ಷೆಯಿದೆ. ಜೀವನಾಂಶಕ್ಕಾಗಿ ಹಿರಿಯರು ನ್ಯಾಯಾಧಿಕರಣಕ್ಕೆ ಅರ್ಜಿ ಕೊಡಬಹುದು. ೨೦೨೪ರ ಅಕ್ಟೋಬರಿನಿಂದ ಆಯುಷ್ಮಾನ್ ಭಾರತ ಯೋಜನೆಯನ್ನು ೭೦ ವರ್ಷ ದಾಟಿದ ಎಲ್ಲರಿಗೂ ವಿಸ್ತರಿಸಲಾಯಿತು. ಇದರಿಂದ ಆಸ್ಪತ್ರೆಯಲ್ಲಿ ಉಳಿದು ಪಡೆಯುವ ಚಿಕಿತ್ಸೆಗೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ನೆರವಿದೆ. ಆದರೆ ಮರೆವಿನ ರೋಗದ ದೊಡ್ಡ ಖರ್ಚು ಮನೆಯಲ್ಲಿಯೇ ಆಗುತ್ತದೆ. ಮನೆಯ ಆರೈಕೆಗೆ ಈ ಯೋಜನೆಯಿಂದ ಹಣ ದೊರೆಯುವುದಿಲ್ಲ.

ಈ) ಸಂಘ ಸಂಸ್ಥೆಗಳು: ೧೯೯೨ರಲ್ಲಿ ಕೇರಳದಲ್ಲಿ ಡಾ. ಜೇಕಬ್ ರಾಯ್ ಅವರ ಮುಂದಾಳುತನದಲ್ಲಿ ಭಾರತೀಯ ಆಲ್ಝೈಮರ್ ಮತ್ತು ಸಂಬಂಧಿತ ರೋಗಗಳ ಸಂಘ ಹುಟ್ಟಿತು. ಅನೇಕ ಊರುಗಳಲ್ಲಿ ಅದರ ಶಾಖೆಗಳಾದವು. ಬೆಂಗಳೂರಿನಲ್ಲಿ ೧೯೯೮ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ೨೦೧೦ರಲ್ಲಿ ಕಸ್ತೂರಿನಗರದಲ್ಲಿ ಈ ರೋಗಿಗಳಿಗೆಂದೇ ಆರೈಕೆ ಕೇಂದ್ರವನ್ನು ತೆರೆಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ರೋಗನಿರ್ಣಯ, ಚಿಕಿತ್ಸೆ, ಮನೆಯವರಿಗೆ ಸಲಹೆ ಎಲ್ಲವೂ ಇವೆ. ೨೦೨೨ರಲ್ಲಿ ಕರ್ನಾಟಕ ಸರ್ಕಾರವೂ ನಿಮ್ಹಾನ್ಸ್ ಸಂಸ್ಥೆಯೂ ಸೇರಿ ‘ಕರ್ನಾಟಕ ಮೆದುಳು ಆರೋಗ್ಯ’ ಯೋಜನೆಯನ್ನು ಆರಂಭಿಸಿ, ಜಿಲ್ಲಾ ಆಸ್ಪತ್ರೆಗಳಲ್ಲಿಯೇ ಇಂಥ ರೋಗಗಳಿಗೆ ಚಿಕಿತ್ಸಾಲಯ ತೆರೆಯುವ ಕೆಲಸಕ್ಕೆ ಕೈಹಾಕಿದವು.

ಬೆಂಗಳೂರು ನಮಗೆ ಒಂದು ರಾತ್ರಿಯ ರೈಲು ಪ್ರಯಾಣ. ದಾರಿ ತಿಳಿಯದ, ಜನರ ಗುರುತು ಸಿಗದ ರೋಗಿಯನ್ನು ಅಷ್ಟು ದೂರ ಕರೆದೊಯ್ಯುವುದು ಸುಲಭವಲ್ಲ. ನಿಜವಾಗಿ ಬೇಕಾದದ್ದು ಊರಿನಲ್ಲಿಯೇ ಒಂದು ಹಗಲು ಆರೈಕೆಯ ಮನೆ. ಬೆಳಗ್ಗೆ ಬಿಟ್ಟು ಸಂಜೆ ಕರೆದೊಯ್ಯುವಂತಿದ್ದರೆ ನೋಡಿಕೊಳ್ಳುವವಳಿಗೆ ಕೆಲವು ತಾಸು ಬಿಡುವು ದೊರೆಯುತ್ತದೆ. ಚಿಕ್ಕ ಮಕ್ಕಳಿಗೆ ಹಳ್ಳಿಹಳ್ಳಿಗೂ ಅಂಗನವಾಡಿ ನಡೆಸಲು ಸಾಧ್ಯವಾದ ನಾಡಿನಲ್ಲಿ ಇದು ಅಸಾಧ್ಯವೇನಲ್ಲ. ಗ್ರಾಮ ಪಂಚಾಯತಿ, ಮಠ, ತರುಣ ಮಂಡಳ, ಮಹಿಳಾ ಬಚತ ಗಟ ಇವು ಮನಸ್ಸು ಮಾಡಿದರೆ ವಾರಕ್ಕೆ ಎರಡು ದಿನದಿಂದಲಾದರೂ ಆರಂಭಿಸಬಹುದು.

ಜಪಾನಿನ ಮಾದರಿ

ಊರ ಜನರೇ ಆಸರೆಯಾಗಬಹುದೆಂಬುದಕ್ಕೆ ಜಪಾನ್ ದೇಶ ಒಳ್ಳೆಯ ಉದಾಹರಣೆ. ಅಲ್ಲಿ ಈ ರೋಗಕ್ಕೆ ಮೊದಲು ಇದ್ದ ಹೆಸರಿನಲ್ಲಿ ಮೂಢತನದ ಅರ್ಥವಿತ್ತು. ಅದು ರೋಗಿಗಳಿಗೆ ಅವಮಾನವೆಂದು ೨೦೦೪ರಲ್ಲಿ ಸರ್ಕಾರವೇ ಹೆಸರನ್ನು ಬದಲಾಯಿಸಿತು. ೨೦೦೫ರಿಂದ ಸಾಮಾನ್ಯ ಜನರಿಗೆ ಸುಮಾರು ಒಂದೂವರೆ ತಾಸಿನ ಪಾಠವನ್ನು ಹೇಳಿ ‘ಬೆಂಬಲಿಗರು’ ಎಂದು ಗುರುತಿಸುವ ಪದ್ಧತಿ ಆರಂಭವಾಯಿತು. ಪಾಠ ಕೇಳಿದವರಿಗೆ ಗುರುತಾಗಿ ಕಿತ್ತಳೆ ಬಣ್ಣದ ಕೈಪಟ್ಟಿ ಕೊಡುತ್ತಿದ್ದರು. ಇದುವರೆಗೆ ಒಂದು ಕೋಟಿಗೂ ಹೆಚ್ಚು ಜನ ಇದನ್ನು ಕಲಿತಿದ್ದಾರೆ. ಅಂಗಡಿಕಾರರು, ಬ್ಯಾಂಕಿನವರು, ಪೊಲೀಸರು ಅಷ್ಟೇ ಅಲ್ಲ, ಶಾಲೆಯ ಮಕ್ಕಳೂ ಅವರಲ್ಲಿದ್ದಾರೆ. ಒಮುತಾ ಎಂಬ ಊರಿನಲ್ಲಿ ದಾರಿ ತಪ್ಪಿದ ಹಿರಿಯರನ್ನು ಹುಡುಕಿ ಮಾತನಾಡಿಸುವ ಅಭ್ಯಾಸವನ್ನು ಊರ ಜನ ಸೇರಿ ನಡೆಸುತ್ತ ಬಂದರು.

ಅವರು ಕಲಿಸುವ ಸೂತ್ರಗಳು ಮೂರು: ಬೆಚ್ಚಿಬೀಳಿಸಬೇಡಿರಿ, ಅವಸರಪಡಿಸಬೇಡಿರಿ, ಮರ್ಯಾದೆಗೆ ನೋವು ಮಾಡಬೇಡಿರಿ.

ನಮ್ಮ ಅಕ್ಕಲಕೋಟಕ್ಕೆ ಈ ಪಾಠ ಬಹಳ ಅವಶ್ಯ. ೧೮೭೮ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ದರ್ಶನಕ್ಕೆ ದಿನವೂ ದೂರದೂರದಿಂದ ಭಕ್ತರು ಬರುತ್ತಾರೆ. ಗುರುವಾರ, ಹುಣ್ಣಿವೆಗಳಂದು ಗುಡಿ, ಅನ್ನಛತ್ರ, ಬಸ್‌ಸ್ಟ್ಯಾಂಡುಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಅಂಥ ಗದ್ದಲದಲ್ಲಿ ಮನೆಯವರ ಕೈಬಿಟ್ಟ ಒಬ್ಬ ಹಿರಿಯರಿಗೆ ತಮ್ಮ ಊರ ಹೆಸರೂ ನೆನಪಿಲ್ಲದಿದ್ದರೆ ಗತಿಯೇನು? ಜನರು ಭಿಕ್ಷುಕರೆಂದೋ ಕುಡಿದವರೆಂದೋ ತಿಳಿದು ದೂರ ಸರಿಯುತ್ತಾರೆ. ಬಿಸಿಲಿನಲ್ಲಿ ಒಬ್ಬರೇ ಗೊಂದಲದಿಂದ ಅತ್ತಿತ್ತ ನೋಡುವ ಹಿರಿಯರನ್ನು ಕಂಡರೆ ವಿದ್ಯಾರ್ಥಿಗಳು ಹೀಗೆ ಮಾಡಬೇಕು. ಹಿಂದಿನಿಂದ ಕೂಗದೆ ಎದುರಿಗೆ ಹೋಗಬೇಕು. ಗುಂಪುಗೂಡದೆ ಒಬ್ಬರೇ ಮಾತನಾಡಿಸಬೇಕು. ‘ಅಜ್ಜಾ, ನೀರು ಕುಡಿಯುತ್ತೀರಾ?’ ಎಂದು ಮೊದಲು ನೆರಳಿಗೆ ಕೂರಿಸಬೇಕು. ಕನ್ನಡದಲ್ಲಿ ಉತ್ತರ ಬಾರದಿದ್ದರೆ ಮರಾಠಿಯಲ್ಲಿ, ಹಿಂದಿಯಲ್ಲಿ ಕೇಳಬೇಕು. ಕಿಸೆಯಲ್ಲಿ ಚೀಟಿಯಿದೆಯೇ ಎಂದು ಅವರ ಅನುಮತಿಯಿಂದಲೇ ನೋಡಬೇಕು. ಬಳಿಕ ದೊಡ್ಡವರಿಗೆ ಅಥವಾ ಪೊಲೀಸರಿಗೆ ತಿಳಿಸಿ, ಅವರು ಬರುವವರೆಗೆ ಜೊತೆಯಲ್ಲಿಯೇ ಇರಬೇಕು.

ರೋಗ ಬಾರದಂತೆ

೨೦೨೪ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞರ ಮಂಡಳಿಯು ಈ ರೋಗಕ್ಕೆ ಎಡೆಕೊಡುವ ೧೪ ಕಾರಣಗಳನ್ನು ಹೆಸರಿಸಿತು. ಅವನ್ನೆಲ್ಲ ನಿವಾರಿಸಿದರೆ ಜಗತ್ತಿನ ರೋಗಿಗಳಲ್ಲಿ ನೂರಕ್ಕೆ ೪೫ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಅಭಿಪ್ರಾಯ. ರಕ್ತದೊತ್ತಡ, ಸಕ್ಕರೆ ರೋಗ, ಧೂಮಪಾನ, ಅತಿಯಾದ ಮದ್ಯಪಾನ, ವ್ಯಾಯಾಮವಿಲ್ಲದಿರುವುದು, ತಲೆಗೆ ಪೆಟ್ಟು, ಒಂಟಿತನ ಇವು ಆ ಪಟ್ಟಿಯಲ್ಲಿವೆ. ಎರಡು ಕಾರಣಗಳು ನಮಗೆ ವಿಶೇಷವಾಗಿ ಸಂಬಂಧಿಸಿವೆ. ಒಂದು, ಕಿವುಡು. ಪವರ್‌ಲೂಮಿನ ಸದ್ದಿನಲ್ಲಿ ವರ್ಷಗಟ್ಟಲೆ ದುಡಿಯುವವರು ಕಿವಿಯನ್ನು ಕಾಪಾಡಿಕೊಳ್ಳಬೇಕು. ಕೇಳಿಸದಿದ್ದರೆ ನಾಚಿಕೆಪಡದೆ ಕಿವಿಯ ಯಂತ್ರ ಹಾಕಿಕೊಳ್ಳಬೇಕು. ಇನ್ನೊಂದು, ಚಿಕ್ಕಂದಿನಲ್ಲಿ ಶಿಕ್ಷಣ ದೊರೆಯದಿರುವುದು. ಮಗಳನ್ನು ಏಳನೆಯ ಇಯತ್ತೆಗೆ ಬಿಡಿಸುವ ಪಾಲಕರು ಅವಳ ಎಪ್ಪತ್ತನೆಯ ವರ್ಷದ ಆರೋಗ್ಯಕ್ಕೂ ಹಾನಿ ಮಾಡುತ್ತಿದ್ದಾರೆಂದು ತಿಳಿಯಬೇಕು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ

ವರ್ಷವೂ ಸಪ್ಟೆಂಬರ್ ೨೧ನ್ನು ವಿಶ್ವ ಆಲ್ಝೈಮರ್ ದಿನವೆಂದು ಆಚರಿಸುತ್ತಾರೆ. ಆ ದಿನಕ್ಕ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಮೂರು ಕೆಲಸಗಳನ್ನು ಮಾಡಲಿ. ಮೊದಲನೆಯದಾಗಿ, ತನ್ನ ಮುತ್ಯಾ ಅಥವಾ ಆಯಿಯ ಬಾಲ್ಯದ ಕಥೆಯನ್ನು ಕೇಳಿ ಅವರದೇ ಮಾತಿನಲ್ಲಿ ಒಂದು ವಹಿಯಲ್ಲಿ ಬರೆದಿಡಲಿ. ಮುಂದೆ ಅವರಿಗೆ ನೆನಪು ಕೈಕೊಟ್ಟರೆ ಆ ವಹಿಯನ್ನು ಓದಿ ಹೇಳಬಹುದು. ಎರಡನೆಯದಾಗಿ, ೧೪೪೧೬, ೧೪೫೬೭ ಎಂಬ ಸಂಖ್ಯೆಗಳನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಲಿ. ಮೂರನೆಯದಾಗಿ, ತನ್ನ ಓಣಿಯಲ್ಲಿ ಇಂಥ ಹಿರಿಯರು ಇರುವ ಮನೆಯಿದ್ದರೆ, ಪಾಲಕರನ್ನು ಕೇಳಿ, ವಾರಕ್ಕೆ ಒಂದು ತಾಸು ಆ ಹಿರಿಯರ ಜೊತೆ ಕುಳಿತು ಮಾತನಾಡಲಿ.

ಆ ಒಂದು ತಾಸು ಹಿರಿಯರ ನೆನಪಿನಲ್ಲಿ ಉಳಿಯಲಾರದು. ಆದರೆ ಅಷ್ಟು ಹೊತ್ತು ಅವರ ಮನಸ್ಸಿಗೆ ನೆಮ್ಮದಿಯಿರುತ್ತದೆ. ಅಷ್ಟು ಹೊತ್ತಿನಲ್ಲಿ ಆ ಮನೆಯ ಸೊಸೆ ಪೇಟೆಗೆ ಹೋಗಿ ಬಂದಾಳು, ಇಲ್ಲವೆ ನಿಶ್ಚಿಂತೆಯಿಂದ ಒಂದು ಗಳಿಗೆ ಮಲಗಿ ಎದ್ದಾಳು.